ಬಸಿದ ನೀರು ಚೆಲ್ಲೋರಲ್ಲ ನಾವು

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ನಮ್ಮನೇಲಿ ಪಾತ್ರೆ ತೊಳೆಯೋಕೆ ಬರೋಳು ಸಿಂಕ್ ನೋಡಿದೋಳೇ, "ಏನಮ್ಮಾ, ನಿನ್ನೆ ನೆಂಟ್ರು ಬಂದಿದ್ರಾ?" ಅಂತ ಕೇಳಿದ್ಲು. ನೆಂಟರೂ ಇಲ್ಲ, ಹಬ್ಬಾನೂ ಇಲ್ಲ. ಮಗಳು ಮೂರು ಜನಕ್ಕೆ ಪಾಸ್ತಾ ಮಾಡಿದ್ಲು, ಅಷ್ಟೇ. ಬೇಯಿಸಿದ ದೊಡ್ಡ ಪಾತ್ರೆ, ಬಸಿಯೋ ತೂತಿನ ಬುಟ್ಟಿ, ಸಾಸ್ ಮಾಡಿದ ಬಾಣಲೆ, ಟೊಮ್ಯಾಟೊ ರುಬ್ಬಿದ ಮಿಕ್ಸಿ ಜಾರು, ಬಡಿಸೋಕೆ ಇನ್ನೊಂದು ಪಾತ್ರೆ. ಆಕೆಗೆ ಮಣಿಕಟ್ಟು ನೋವು ಅಂತ ನಂಗೆ ಗೊತ್ತಿತ್ತು. ಉತ್ತರ ಹೇಳೋಕೇ ನಾಚಿಕೆ ಆಯ್ತು ನೋಡಿ.

ಅವತ್ತಿಂದ ನಾನು ಹೇಳ್ತಿರೋದು ಒಂದೇ ಮಾತು. ಪಾಸ್ತಾನ ಒಂದೇ ಬಾಣಲೇಲಿ ಮಾಡಿ. ಅದು ಸೋಮಾರಿತನ ಅಲ್ಲ.

ಮಗಳು ಒಪ್ಪಲಿಲ್ಲ. "ಅಮ್ಮಾ, ನೀನು ಅದನ್ನೂ ಉಪ್ಪಿಟ್ಟು ಮಾಡಿಬಿಡ್ತೀಯ" ಅಂದ್ಲು. ಇಟಲಿಯೋರ ಲೆಕ್ಕ ಅಂದ್ರೆ 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು ಕುದಿಸಿ, ಬೆಂದ ಮೇಲೆ ಬಸಿಯೋದು. ಆದ್ರೆ ಅವರೂ ಆ ನೀರಲ್ಲಿ ಒಂದು ಸೌಟು ಎತ್ತಿಟ್ಟುಕೊಂಡು ಸಾಸ್‌ಗೆ ಸೇರಿಸ್ತಾರೆ. ಪಾಸ್ತಾ ಬಿಟ್ಟ ಗಂಜಿ ಅದರಲ್ಲಿರುತ್ತೆ, ಸಾಸ್ ಮಂದ ಆಗಿ ಹಿಡ್ಕೊಳ್ಳೋದು ಅದರಿಂದಾನೇ. ಹಂಗಾದ್ರೆ ಉಳಿದ ನೀರನ್ನ ಯಾಕೆ ಮೋರಿಗೆ ಸುರೀಬೇಕು? ನಾವು ಬಸ್ಸಾರು ಮಾಡೋ ಜನ ಕಣ್ರೀ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಲ್ಲಿ ಸಾರು, ಉಳಿದಿದ್ದರಲ್ಲಿ ಪಲ್ಯ. ನಮ್ಮಜ್ಜಿ ಅನ್ನ ಬಸಿದ ಗಂಜೀಗೆ ಉಪ್ಪು, ಮಜ್ಜಿಗೆ ಹಾಕಿ ನಮಗೆ ಕುಡಿಸ್ತಿದ್ರು.

ಇನ್ನು 2024ರ ಮಾರ್ಚ್ ತಿಂಗಳು ಮರೆತಿಲ್ಲ ತಾನೇ? ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯ್ತಾ ಕೂತಿದ್ವಿ. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅಂಥ ಊರಲ್ಲಿ ಎರಡು ಮೂರು ಲೀಟರ್ ನೀರು ಕುದಿಸಿ ಚೆಲ್ಲೋದು, ಆಮೇಲೆ ಐದು ಪಾತ್ರೆ ತೊಳೆಯೋಕೆ ಮತ್ತೆ ನೀರು. ಗ್ಯಾಸ್ ಬೇರೆ.

ನಾನು ಮಾಡೋದು ಅರಬಿಯಾಟ. ರೋಮ್ ಕಡೆ ಅಡುಗೆ, ಹೆಸರಿನ ಅರ್ಥ ‘ಸಿಟ್ಟು ಬಂದಿದ್ದು’ ಅಂತ. ಮೆಣಸಿನಕಾಯಿ ಖಾರಕ್ಕೆ ಆ ಹೆಸರು. ಮೂರು ಜನಕ್ಕೆ 250 ಗ್ರಾಂ ಪೆನ್ನೆ, ಅರ್ಧ ಕೆಜಿ ಚೆನ್ನಾಗಿ ಹಣ್ಣಾದ ಟೊಮ್ಯಾಟೊ, ಆರು ಎಸಳು ಬೆಳ್ಳುಳ್ಳಿ, ಬಣ್ಣಕ್ಕೆ ನಾಲ್ಕು ಬ್ಯಾಡಗಿ, ಖಾರಕ್ಕೆ ಎರಡು ಗುಂಟೂರು. ಅಗಲವಾದ ಬಾಣಲೇಲಿ ಮೂರು ಚಮಚ ಎಣ್ಣೆ ಹಾಕಿ, ಸಣ್ಣ ಉರೀಲಿ ಬೆಳ್ಳುಳ್ಳಿ ಘಮ್ ಅನ್ನೋವರೆಗೆ ಬಾಡಿಸಿ. ಕೆಂಪಾದ್ರೆ ಕಹಿ ಬರುತ್ತೆ. ಮೆಣಸಿನಕಾಯಿ ಮುರಿದು ಹಾಕಿ, ಸಣ್ಣಗೆ ಹೆಚ್ಚಿದ ಟೊಮ್ಯಾಟೊ, ಉಪ್ಪು ಹಾಕಿ ಮೆತ್ತಗಾಗಲಿ. ಆಮೇಲೆ ಹಸೀ ಪಾಸ್ತಾ, ಮೂರು ಲೋಟ ನೀರು. ಮುಚ್ಚಿ, ಎರಡು ನಿಮಿಷಕ್ಕೊಂದು ಸಲ ಕೈಯಾಡಿಸಿ, ಇಲ್ಲಾಂದ್ರೆ ತಳ ಹಿಡಿಯುತ್ತೆ. ಹನ್ನೆರಡು ಹದಿನಾಲ್ಕು ನಿಮಿಷ ಸಾಕು. ನೀರು ಕಮ್ಮಿ ಅನಿಸಿದ್ರೆ ಅರ್ಧ ಲೋಟ ಬಿಸಿನೀರು ಹಾಕಿ. ಗರಂ ಮಸಾಲೆ, ದಪ್ಪ ಮೆಣಸಿನಕಾಯಿ ಏನೂ ಬೇಡ.

ಎರಡು ಎಚ್ಚರಿಕೆ. ಕಬ್ಬಿಣದ ಬಾಣಲೆ ಬೇಡ, ಟೊಮ್ಯಾಟೊ ಹುಳಿಗೆ ಲೋಹದ ರುಚಿ ಬರುತ್ತೆ. ಪ್ಯಾಕೆಟ್ ಹಿಂದೆ ಡ್ಯೂರಮ್ ಗೋಧಿ ರವೆ ಅಂತ ಇದೆಯಾ ಓದಿ. ಮೈದಾದ್ದಾದ್ರೆ ಈ ರೀತಿ ಬೇಯಿಸಿದಾಗ ಅಂಟಂಟು ಮುದ್ದೆ ಆಗುತ್ತೆ. ಬೆಳ್ಳುಳ್ಳಿ ತಿನ್ನದ ಮನೆಯೋರು ಇಂಗು ಹಾಕ್ಕೊಳ್ಳಿ. ಇಟಲಿಯೋರಿಗೆ ಸಿಟ್ಟು ಬಂದ್ರೆ ಬರಲಿ, ಹೆಸರೇ ಅದು!

ಹತ್ತು ಜನಕ್ಕೆ ಇದು ಆಗಲ್ಲ, ಒಪ್ಕೋತೀನಿ. ಮೇಲಿಂದು ಬೇಯಲ್ಲ, ಕೆಳಗಿಂದು ಕರಗುತ್ತೆ. ಅಷ್ಟು ಜನ ಬಂದ್ರೆ ಬೇರೆ ಬೇಯಿಸಿ ಬಸೀರಿ. ಆದ್ರೆ ಮನೇಲಿರೋ ಮೂರು ಜನಕ್ಕೆ ಯಾಕೆ?

ಮಗಳಿಗೆ ಹೇಳ್ದೆ, "ಬಸಿದೇ ಮಾಡು ಪುಟ್ಟಾ, ಪಾತ್ರೆ ಮಾತ್ರ ನೀನೇ ತೊಳಿ" ಅಂತ. ಒಂದು ಭಾನುವಾರ ಹಠಕ್ಕೆ ತೊಳೆದ್ಲು. ಮುಂದಿನ ವಾರ ತಾನಾಗೇ ಬಾಣಲೆ ಒಂದನ್ನೇ ಇಳಿಸಿಕೊಂಡ್ಲು.

ನೀವೂ ಮಾಡಿ ನೋಡಿ. ಹೊಸ ಅಡುಗೆ ಯಾವುದಾದ್ರೂ ಸರಿ, ಶುರು ಮಾಡೋಕೆ ಮುಂಚೆ ಆ ಮನೇಲಿ ಪಾತ್ರೆ ತೊಳೆಯೋರ ಕೈ ಒಂದ್ಸಲ ನೆನಪು ಮಾಡ್ಕೊಳ್ಳಿ.