ಬೈಗುಳದಿಂದ ವೈರಸ್ ಸಾಯುವುದಿಲ್ಲ

ಎರಡು ವರ್ಷಗಳ ಹಿಂದೆ, ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ‘ನಶೆ ಬಿಡದವರಿಗೆ ಸರ್ಕಾರದ ಉಚಿತ ಚಿಕಿತ್ಸೆ ಯಾಕೆ?’ ಎಂದು ಕೇಳಿದ್ದೆ. ಸಭಾಂಗಣದ ತುಂಬ ಚಪ್ಪಾಳೆ. ಆ ಬಹುಮಾನ ಈಗಲೂ ಮನೆಯ ಶೋಕೇಸಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ಒಬ್ಬ ಹುಡುಗ ನೆನಪಾಗಿ ಮುಜುಗರವಾಗುತ್ತದೆ.

ಎಂ.ಎಸ್.ಡಬ್ಲ್ಯೂ. ಓದುವಾಗ ಕ್ಷೇತ್ರಕಾರ್ಯಕ್ಕೆಂದು ನನ್ನನ್ನು ಒಂದು ಎಆರ್‌ಟಿ ಕೇಂದ್ರಕ್ಕೆ ಹಾಕಿದ್ದರು. ಎಚ್‌ಐವಿ ಸೋಂಕಿತರಿಗೆ ಮಾತ್ರೆ ಮತ್ತು ಆಪ್ತಸಮಾಲೋಚನೆ ಸಿಗುವ ಜಾಗ ಅದು. ಅಲ್ಲಿಗೆ ಬರುತ್ತಿದ್ದವರಲ್ಲಿ ಅವನೂ ಒಬ್ಬ. ನನ್ನದೇ ವಯಸ್ಸು. ಹೆಸರು, ಊರು ಹೇಳಲಾರೆ; ಕಾನೂನೂ ಒಪ್ಪದು, ಮನಸ್ಸೂ ಒಪ್ಪದು. ಸೂಜಿ ಚುಚ್ಚಿಕೊಂಡು ನಶೆ ಮಾಡುವ ಗೆಳೆಯರ ಜೊತೆ ಹಂಚಿಕೊಂಡ ಸಿರಿಂಜಿನಿಂದ ಸೋಂಕು ತಗುಲಿತ್ತು. ಪ್ರತಿ ತಿಂಗಳೂ ಅವನ ಡಬ್ಬಿಯಲ್ಲಿ ಹತ್ತೋ ಹನ್ನೆರಡೋ ಮಾತ್ರೆ ಉಳಿದಿರುತ್ತಿದ್ದವು. ನಾನು ವರದಿಯಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಬರೆದೆ. ‘ಜೀವದ ಮೇಲೆ ಆಸೆನೇ ಇಲ್ವಾ ನಿಮಗೆ?’ ಎಂದು ಎಲ್ಲರ ಎದುರೇ ಕೇಳಿದೆ. ಮುಂದಿನ ತಿಂಗಳು ಅವನು ಬರಲಿಲ್ಲ.

ಅಲ್ಲಿದ್ದ ಹಿರಿಯ ಆಪ್ತಸಮಾಲೋಚಕಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಅವರು ಫೋನ್ ಮಾಡಿ ಅವನನ್ನು ಕರೆಸಿದರು. ಬೈಯಲಿಲ್ಲ. ‘ಯಾವ ದಿನ ಮಾತ್ರೆ ತಪ್ಪುತ್ತಪ್ಪಾ?’ ಎಂದಷ್ಟೇ ಕೇಳಿದರು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: ‘ನಶೆ ಮಾಡಿದ ದಿನ ತಗೊಳ್ಳಲ್ಲ ಅಕ್ಕ. ಎರಡೂ ಸೇರಿದ್ರೆ ವಿಷ ಆಗುತ್ತೆ ಅಂತ ಹೇಳಿದ್ರು. ಎರಡು ದಿನ ನಿದ್ದೆ ಇರಲ್ಲ, ಊಟ ಇರಲ್ಲ. ಆಮೇಲೆ ಬಿದ್ದು ಮಲಗಿದ್ರೆ ಯಾವ ವಾರ ಅಂತಾನೂ ಗೊತ್ತಾಗಲ್ಲ.’

ನನಗೆ ಮಾತೇ ಹೊರಡಲಿಲ್ಲ. ಜೀವದ ಮೇಲೆ ಆಸೆ ಇದ್ದುದರಿಂದಲೇ ಅವನು ಮಾತ್ರೆ ಬಿಡುತ್ತಿದ್ದ!

ಆಮೇಲೆ ನಾನು ಓದಲು ಶುರು ಮಾಡಿದೆ. ಎಚ್‌ಐವಿ ಮಾತ್ರೆಯನ್ನು ದಿನವೂ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಪದೇ ಪದೇ ತಪ್ಪಿಸಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಕ್ಕೇ ಬಗ್ಗದಂತೆಯೂ ಆಗಬಹುದು. ಕೊಕೇನ್, ಮೆಥಾಂಫೆಟಮೈನ್‌ನಂಥ ಉತ್ತೇಜಕಗಳು ಹೊಡೆಯುವುದು ಇಲ್ಲಿಗೇ. ಅವು ಹಸಿವನ್ನೂ ನಿದ್ದೆಯನ್ನೂ ಕಸಿದುಕೊಂಡು ದಿನಚರಿಯನ್ನೇ ಅಳಿಸಿಹಾಕುತ್ತವೆ. ದಿನಚರಿ ಇಲ್ಲದವನಿಗೆ ‘ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ’ ಎಂದರೆ ಏನು ಅರ್ಥ?

ಇದಕ್ಕೆ ಕೆನಡಾದ ವ್ಯಾಂಕೂವರ್ ನಗರ ದೊಡ್ಡ ಪಾಠ. 1996ರ ಜುಲೈನಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲೇ, ಹಲವು ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆಯ ಯಶಸ್ಸನ್ನು ಜಗತ್ತು ಕೇಳಿದ್ದು. ಅದೇ ಹೊತ್ತಿಗೆ ಅದೇ ನಗರದ ಡೌನ್‌ಟೌನ್ ಈಸ್ಟ್‌ಸೈಡ್ ಎಂಬ ಬಡವರ ಬಡಾವಣೆಯಲ್ಲಿ, ಸೂಜಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕಾಳ್ಗಿಚ್ಚಿನಂತೆ ಹಬ್ಬುತ್ತಿತ್ತು. 1997ರಲ್ಲಿ ಅಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಹೊಸ ಸೂಜಿ ಹಂಚುವ ವ್ಯವಸ್ಥೆ ಇದ್ದರೂ ಹೀಗಾಯಿತು. ಕಾರಣಗಳಲ್ಲಿ ಮುಖ್ಯವಾದದ್ದು ಕೊಕೇನ್. ಅದರ ಅಮಲು ಬೇಗ ಇಳಿಯುವುದರಿಂದ ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳುತ್ತಾರೆ. ಎಷ್ಟು ಸೂಜಿ ಇದ್ದರೂ ಸಾಲದು.

ಆ ನಗರ ಇವರನ್ನು ಕೈಬಿಡಲಿಲ್ಲ. ವರ್ಷಗಟ್ಟಲೆ ಅವರ ಜೊತೆಗಿದ್ದು ಅಧ್ಯಯನ ಮಾಡಿದ ಸಂಶೋಧಕರು, ಪದೇ ಪದೇ ಉತ್ತೇಜಕ ಬಳಸುವವರಲ್ಲಿ ಚಿಕಿತ್ಸೆ ತಪ್ಪುವುದು ಹೆಚ್ಚು ಎಂದು ಕಂಡುಕೊಂಡರು. ಮನೆ ಇಲ್ಲದಿರುವುದು, ಜೈಲಿಗೆ ಹೋಗಿಬರುವುದು ಕೂಡ ಮಾತ್ರೆ ತಪ್ಪಿಸುತ್ತವೆ ಎಂದೂ ಗೊತ್ತಾಯಿತು. 2003ರಲ್ಲಿ ದಾದಿಯರ ಕಣ್ಗಾವಲಿನಲ್ಲಿ ಚುಚ್ಚಿಕೊಳ್ಳುವ ‘ಇನ್‌ಸೈಟ್’ ಕೇಂದ್ರ ತೆರೆಯಿತು. ಚಿಕಿತ್ಸೆ ಜನರಿದ್ದಲ್ಲಿಗೇ ಹೋಯಿತು. ನಶೆ ಪೂರ್ತಿ ಬಿಡದವರಲ್ಲೂ ಎಷ್ಟೋ ಜನರ ವೈರಸ್ ಹತೋಟಿಗೆ ಬಂತು. ಇನ್‌ಸೈಟ್ ಮುಚ್ಚಬೇಕೇ ಎಂಬ ಪ್ರಶ್ನೆ ಬಂದಾಗ, ಅದು ನಡೆಯಲಿ ಎಂದು 2011ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ನಮ್ಮಲ್ಲೂ ದಾರಿಗಳಿವೆ. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ಹೆರಾಯಿನ್‌ನಂಥ ನಶೆಗೆ ಬದಲಿ ಔಷಧವೂ ಇದೆ. ಉತ್ತೇಜಕಗಳಿಗೆ ಅಂಥ ಬದಲಿ ಔಷಧ ಇಲ್ಲ. ಹಾಗಾಗಿ ಆಪ್ತಸಮಾಲೋಚನೆ, ಪ್ರೋತ್ಸಾಹ, ಜೊತೆಗಿರುವವರ ಸಹನೆ ಇವೇ ಇಲ್ಲಿ ಔಷಧ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕಾಲೇಜಿನಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡುವಂತಿಲ್ಲ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಕೆಲಸ ಹುಡುಕುತ್ತಿರುವ ನಮ್ಮಂಥವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

‘ಹಾಗಾದರೆ ನಶೆ ಮಾಡುವುದು ಸರಿಯೇ?’ ಎಂದು ಕೇಳಬಹುದು. ಖಂಡಿತ ಅಲ್ಲ. ಅದು ಮನೆ ಮುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ‘ಮೊದಲು ನಶೆ ಬಿಡು, ಆಮೇಲೆ ಚಿಕಿತ್ಸೆ’ ಎಂದರೆ ಎರಡೂ ಆಗುವುದಿಲ್ಲ. ಬೈಸಿಕೊಂಡವನು ನಶೆ ಬಿಡುವುದಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಡುತ್ತಾನೆ. ವೈರಸ್ ಹತೋಟಿಯಲ್ಲಿದ್ದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ನಾಳೆ ಅವನನ್ನು ಮದುವೆಯಾಗುವ ಹುಡುಗಿಗೂ ಆ ಮಾತ್ರೆ ರಕ್ಷಣೆ. ಚರ್ಚಾಸ್ಪರ್ಧೆಯಲ್ಲಿ ನಾನು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಗೆಳೆಯರೇ, ನಮ್ಮ ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳು ಪ್ರತಿಜ್ಞೆ, ಜಾಥಾ, ಪೋಸ್ಟರ್ ಮಾಡುತ್ತವೆ. ಮಾಡಲಿ. ಜೊತೆಗೆ ಒಂದಿಷ್ಟು ಉಪಯೋಗದ ಮಾತನ್ನೂ ಹೇಳಲಿ: ನಶೆ ಮಾಡಿದ ದಿನವೂ ಎಚ್‌ಐವಿ ಮಾತ್ರೆ ಬಿಡಬಾರದು, ಕೆಲವು ಔಷಧಗಳ ಜೊತೆ ಕೆಲವು ನಶೆ ಹೊಂದುವುದಿಲ್ಲ, ಆದ್ದರಿಂದ ಏನು ತೆಗೆದುಕೊಳ್ಳುತ್ತೀರೆಂದು ವೈದ್ಯರಿಗೆ ಮುಚ್ಚಿಡಬೇಡಿ, ಎಚ್‌ಐವಿ ಬಗ್ಗೆ ಕೇಳಲು 1097ಕ್ಕೆ, ವ್ಯಸನ ಬಿಡಲು 14446ಕ್ಕೆ ಕರೆ ಮಾಡಿ.

ಅವನು ನಶೆ ಬಿಟ್ಟನೇ? ನನ್ನ ಕ್ಷೇತ್ರಕಾರ್ಯ ಮುಗಿಯುವವರೆಗೂ ಪೂರ್ತಿ ಬಿಟ್ಟಿರಲಿಲ್ಲ. ಆದರೆ ಅಕ್ಕ ಅವನ ಅಮ್ಮನನ್ನು ಒಪ್ಪಿಸಿದ್ದರು. ದಿನಾ ಬೆಳಿಗ್ಗೆ ಕಾಫಿ ಲೋಟದ ಪಕ್ಕ ಅವರು ಒಂದು ಮಾತ್ರೆ ಇಡುತ್ತಿದ್ದರು. ಕೊನೆಯ ತಿಂಗಳು ಅವನ ಡಬ್ಬಿಯಲ್ಲಿ ಉಳಿದದ್ದು ಎರಡೇ ಮಾತ್ರೆ. ವರದಿಯಲ್ಲಿ ನಾನು ಬರೆದಿದ್ದ ‘ಸಹಕರಿಸುತ್ತಿಲ್ಲ’ ಎಂಬುದನ್ನು ಹೊಡೆದುಹಾಕಿದೆ. ಅಷ್ಟು ದಿನ ಅವನಿಗೆ ಸಹಕರಿಸದೆ ಇದ್ದವಳು ನಾನು.