ಕಡಲಿನ ಅಪರಾಧಕ್ಕೆ ನ್ಯಾಯವೆಲ್ಲಿ?

ಕಡಲಿಗೂ ನಮ್ಮ ರಾಗಿಗುಡ್ಡಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ಭಾರತದ ಪ್ರಜೆಯೊಬ್ಬನು ನಡುಗಡಲಿನಲ್ಲಿ ಕೊಲೆಮಾಡಿ ಬಂದು ರಾಗಿಗುಡ್ಡದಲ್ಲಿ ಸಿಕ್ಕಿಬಿದ್ದರೆ, ಕೇಂದ್ರ ಸರ್ಕಾರದ ಅನುಮತಿಯೊಡನೆ ಶಿವಮೊಗ್ಗದ ನ್ಯಾಯಾಲಯವೇ ಅವನನ್ನು ವಿಚಾರಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 208ನೆಯ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ.

ನಮ್ಮವರ ಮಟ್ಟಿಗೆ ಕಾನೂನಿನ ಕೈ ಇಷ್ಟು ಉದ್ದ. ವಿದೇಶಿ ಹಡಗಿನ ಮುಂದೆ ಅದು ಮೋಟು. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ಆಚೆ, ಸಿಂಗಪುರದ ಧ್ವಜ ಹೊತ್ತ ಹಡಗಿಗೂ ಬೇಪೂರಿನ ಮೀನುಗಾರಿಕೆ ದೋಣಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ. ದಡದಿಂದ 12 ಮೈಲಿ ನಮ್ಮ ಸೀಮೆ. ಅಲ್ಲಿಂದಾಚೆ 200 ಮೈಲಿಯವರೆಗೆ ಮೀನು ನಮ್ಮದು. ಡಿಕ್ಕಿಯ ಮೊಕದ್ದಮೆ ನಮ್ಮದಲ್ಲ. 1982ರ ಸಮುದ್ರ ಕಾನೂನು ಒಪ್ಪಂದದ 97ನೆಯ ವಿಧಿಯಂತೆ ನಾವಿಕನನ್ನು ದಂಡಿಸುವ ಅಧಿಕಾರ ಧ್ವಜದ ದೇಶಕ್ಕೆ, ಇಲ್ಲವೇ ಅವನ ಸ್ವಂತ ದೇಶಕ್ಕೆ.

2012ರಲ್ಲಿ ಕೇರಳದ ಕಡಲಿನಲ್ಲಿ ಇಬ್ಬರು ಮೀನುಗಾರರು ಇಟಲಿಯ ನೌಕಾ ಸೈನಿಕರ ಗುಂಡಿಗೆ ಬಲಿಯಾದರು. ಅದು ಡಿಕ್ಕಿಯಲ್ಲ. ಆದರೂ ಆ ಸೈನಿಕರು ಸರ್ಕಾರಿ ಕೆಲಸದಲ್ಲಿದ್ದವರೆಂದು 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ರಕ್ಷಣೆ ಕೊಟ್ಟಿತು. 10 ಕೋಟಿ ರೂಪಾಯಿ ಪರಿಹಾರದೊಡನೆ 2021ರಲ್ಲಿ ಇಲ್ಲಿಯ ಮೊಕದ್ದಮೆ ಮುಗಿಯಿತು.

ಒಪ್ಪಂದವನ್ನು ಹರಿದೆಸೆಯಿರೆಂದು ನಾವು ಹೇಳುವುದಿಲ್ಲ. ಪರದೇಶಗಳಲ್ಲಿ ನಮ್ಮ ನಾವಿಕರನ್ನು ಕಾಯುವುದೂ ಅದೇ. ಪರಿಹಾರವೂ ಬೇಕು. ಆದರೆ ಹಣವು ವಿಚಾರಣೆಗೆ ಬದಲಿಯಲ್ಲ. ಧ್ವಜದ ದೇಶದ ತನಿಖೆಯನ್ನು ನಮ್ಮ ಸರ್ಕಾರ ಬಿಡದೆ ಬೆನ್ನಟ್ಟಬೇಕು. ಅದರ ವರದಿ ಸತ್ತವರ ಮನೆಗೆ, ಅವರ ಭಾಷೆಯಲ್ಲಿ ತಲುಪಬೇಕು. ಕೂಲಿಗಾಗಿ ಕಡಲಿಗಿಳಿದವನ ಜೀವಕ್ಕೆ 12 ಮೈಲಿಯ ಆಚೆಯೂ ಅಷ್ಟೇ ಬೆಲೆ.