ಝಕಾತ್ ಚಿಲ್ಲರೆ ಕಾಸಲ್ಲ, ವಕ್ಫ್ ಪಾಳುಭೂಮಿಯಲ್ಲ

ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ತುಮಕೂರು ನಗರದ ಮೊಹಲ್ಲಾಗಳಲ್ಲಿ ಸ್ಥಿತಿವಂತರ ಮನೆಬಾಗಿಲ ಮುಂದೆ ಸಾಲು ನೆರೆಯುತ್ತದೆ. ಗುಬ್ಬಿಯಲ್ಲಿಯೂ ಕುಣಿಗಲ್‌ನಲ್ಲಿಯೂ ಇದೇ ನೋಟ. ಕೈಗೊಂದು ನೋಟು, ಕೆಲವೆಡೆ ಒಂದು ಸೀರೆ, ಕೆಲವೆಡೆ ಒಂದು ಚೀಲ ಅಕ್ಕಿ. ಕೊಟ್ಟವನು ಹೊರೆ ಇಳಿಯಿತೆಂದು ನೆಮ್ಮದಿಪಡುತ್ತಾನೆ. ಪಡೆದವಳು ಮುಂದಿನ ಬಾಗಿಲಿಗೆ ನಡೆಯುತ್ತಾಳೆ. ಮರುವರ್ಷ ಅದೇ ಬಾಗಿಲಲ್ಲಿ ಅದೇ ಮಹಿಳೆ, ಈ ಬಾರಿ ಮಗಳನ್ನೂ ಜೊತೆಗೆ ಕರೆತಂದು ನಿಂತಿರುತ್ತಾಳೆ. ವರ್ಷ ವರ್ಷವೂ ಝಕಾತ್ ಕೊಡುವ ಸಮುದಾಯದಲ್ಲಿ ಬೇಡುವ ಕೈಗಳು ಕಡಿಮೆಯಾಗದಿರುವುದೇಕೆ? ಕೊಡುವವರ ಔದಾರ್ಯದಲ್ಲಿ ಕೊರತೆಯಿದೆಯೆಂದು ನಾವು ಹೇಳುವುದಿಲ್ಲ. ಕೊಡುವ ಕ್ರಮವೇ ಝಕಾತ್‌ನ ಉದ್ದೇಶಕ್ಕೆ ವಿರುದ್ಧವಾಗಿದೆ ಎಂಬುದು ನಮ್ಮ ವಾದ.

ಝಕಾತ್ ದಯೆಯಲ್ಲ, ಹಕ್ಕು. ಹನಫಿ ಮದ್‌ಹಬ್‌ನ ಲೆಕ್ಕದಂತೆ ಏಳೂವರೆ ತೊಲ, ಅಂದರೆ 87.48 ಗ್ರಾಂ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಮೌಲ್ಯಕ್ಕೆ ಸಮನಾದ ಸಂಪತ್ತು ಒಂದು ಚಾಂದ್ರಮಾನ ವರ್ಷ ಒಬ್ಬನ ಬಳಿ ಉಳಿದರೆ, ಅದರಲ್ಲಿ ಶೇ. 2.5ರಷ್ಟು ಅವನದಲ್ಲ. ಅದು ಬಡವನ ಸೊತ್ತು. ಪವಿತ್ರ ಕುರ್‌ಆನ್‌ನ ಅತ್ತೌಬ ಅಧ್ಯಾಯದ 60ನೇ ಸೂಕ್ತವು ಈ ಹಕ್ಕುದಾರರನ್ನು ಎಂಟು ವಿಭಾಗಗಳಲ್ಲಿ ಹೆಸರಿಸಿದೆ. ಅವುಗಳಲ್ಲಿ ಒಂದು ವಿಭಾಗ ಝಕಾತನ್ನು ಸಂಗ್ರಹಿಸಿ ವಿತರಿಸುವ ಕಾರ್ಯಕರ್ತರದ್ದು. ಪ್ರತಿಯೊಬ್ಬನೂ ತನ್ನ ಬಾಗಿಲಲ್ಲಿ ತಾನೇ ಹಂಚುವುದು ಆದರ್ಶ ಕ್ರಮವಾಗಿದ್ದಿದ್ದರೆ ಈ ವಿಭಾಗದ ಅಗತ್ಯವೇನಿತ್ತು? ಪ್ರವಾದಿ(ಸ)ರು ಹ. ಮುಆದ್ ಬಿನ್ ಜಬಲ್(ರ)ರನ್ನು ಯಮನ್‌ಗೆ ಕಳುಹಿಸಿದಾಗ, ಅಲ್ಲಿನ ಸಿರಿವಂತರಿಂದ ಪಡೆದು ಅಲ್ಲಿನ ಬಡವರಿಗೇ ಹಿಂದಿರುಗಿಸಬೇಕೆಂದು ತಿಳಿಸಿದ್ದರು. ಪಡೆಯುವುದು ಮತ್ತು ಹಿಂದಿರುಗಿಸುವುದು ಎರಡೂ ಒಂದು ವ್ಯವಸ್ಥೆಯ ಕೆಲಸವಾಗಿತ್ತು. ಹ. ಅಬೂಬಕರ್(ರ)ರು ಝಕಾತ್ ನಿರಾಕರಿಸಿದವರ ವಿರುದ್ಧ ಯುದ್ಧಕ್ಕೂ ಸಿದ್ಧರಾದರು. ಸಮಾಜದ ಆರ್ಥಿಕ ಆಧಾರಸ್ತಂಭವೊಂದು ಕುಸಿಯದಂತೆ ಅವರು ತಡೆದರು.

ಆ ಎಂಟು ವಿಭಾಗಗಳಲ್ಲಿ ಸಾಲಗಾರರೂ ಇದ್ದಾರೆ. ಇಂದು ಬೀಡಿ ಕಟ್ಟಿ, ಬಟ್ಟೆ ಹೊಲಿದು ಸಂಸಾರ ನಡೆಸುವ ಎಷ್ಟೋ ಸಹೋದರಿಯರು ಕಿರುಸಾಲ ಕಂಪೆನಿಗಳ ವಾರದ ಕಂತಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ. ಸಾಲ ವಸೂಲಿಯ ಕಿರುಕುಳ ತಾಳದೆ ಜನರು ಊರು ತೊರೆಯುವ, ಪ್ರಾಣ ಕಳೆದುಕೊಳ್ಳುವ ಸ್ಥಿತಿ ಬಂದಾಗ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿಯ ವಿರುದ್ಧ ನಮ್ಮ ಮಿಂಬರ್‌ಗಳಿಂದ ಪ್ರವಚನಗಳು ಧಾರಾಳವಾಗಿ ಕೇಳಿಬರುತ್ತವೆ. ಆದರೆ ಬಡ್ಡಿಯ ಬಲೆಯಲ್ಲಿ ಬಿದ್ದವಳನ್ನು ಎತ್ತಲು ಅಲ್ಲಾಹನು ನಿಗದಿಪಡಿಸಿದ ಪಾಲು ಆ ಮೊಹಲ್ಲಾದಲ್ಲಿ ಎಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಪರ್ಯಾಯವನ್ನು ಕೊಡದೆ ನಿಷೇಧವನ್ನು ಮಾತ್ರ ಸಾರುವುದು ಬಡವರಿಗೆ ಮಾಡುವ ಅನ್ಯಾಯ.

ಒಂದು ಸರಳ ಲೆಕ್ಕ ಹಾಕೋಣ. ಒಂದು ಪಟ್ಟಣದಲ್ಲಿ ಇನ್ನೂರು ಮನೆಗಳು ತಲಾ 10,000 ರೂಪಾಯಿ ಝಕಾತ್ ಕೊಡುತ್ತವೆ ಎಂದಿಟ್ಟುಕೊಳ್ಳಿ. ಒಟ್ಟು 20 ಲಕ್ಷ. ನೂರರ ನೋಟುಗಳಾಗಿ ಹಂಚಿದರೆ ಅದು ಇಪ್ಪತ್ತು ಸಾವಿರ ಕೈಗಳಲ್ಲಿ ಹಬ್ಬಕ್ಕೆ ಮೊದಲೇ ಕರಗಿಹೋಗುತ್ತದೆ. ಅದೇ ಮೊತ್ತವನ್ನು 50,000ದಂತೆ ಕೊಟ್ಟರೆ ನಲವತ್ತು ಕುಟುಂಬಗಳಲ್ಲಿ ಒಂದರ ಸಾಲ ತೀರುತ್ತದೆ, ಇನ್ನೊಂದಕ್ಕೆ ಹೊಲಿಗೆ ಯಂತ್ರ ಬರುತ್ತದೆ, ಮತ್ತೊಂದರ ಮಗಳು ಪಿಯುಸಿಯ ನಂತರವೂ ಓದುತ್ತಾಳೆ. ಹತ್ತು ವರ್ಷಗಳಲ್ಲಿ ನಾನೂರು ಕುಟುಂಬಗಳು. ಅವುಗಳಲ್ಲಿ ಅರ್ಧದಷ್ಟು ತಲೆಯೆತ್ತಿದರೂ ಬೇಡುವವರ ಸಾಲು ಕಿರಿದಾಗುತ್ತದೆ, ಕೊಡುವವರ ಸಂಖ್ಯೆ ಬೆಳೆಯುತ್ತದೆ.

ಬೆಳೆಯ ಝಕಾತ್ ಆದ ಉಶ್ರ್‌ನ ವಿಚಾರವನ್ನಂತೂ ಮಾತನಾಡುವವರೇ ವಿರಳ. ಮಳೆಯಾಶ್ರಿತ ಬೆಳೆಯಲ್ಲಿ ಹತ್ತರಲ್ಲೊಂದು, ದುಡಿದು ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತರಲ್ಲೊಂದು ಪಾಲು ಬಡವರದ್ದು. ಇಮಾಮ್ ಅಬೂಹನೀಫಾ(ರ)ರ ಅಭಿಪ್ರಾಯದಂತೆ ಇದು ಧಾನ್ಯಕ್ಕೆ ಮಾತ್ರ ಸೀಮಿತವಲ್ಲ; ತೋಟದ ಫಸಲಿಗೂ ಅನ್ವಯಿಸುತ್ತದೆ. ತೆಂಗು ಮತ್ತು ಅಡಿಕೆಯ ಗುಬ್ಬಿ ಸೀಮೆಯಲ್ಲಿ, ರಾಗಿ ಮತ್ತು ತೆಂಗಿನ ಕುಣಿಗಲ್ ಸೀಮೆಯಲ್ಲಿ ತೋಟ ಹೊಲಗಳಿರುವ ಮುಸ್ಲಿಮರು ಕೊಯ್ಲಿನ ದಿನ ಈ ಪಾಲನ್ನು ನೆನೆಯುತ್ತಾರೆಯೇ?

ಇಲ್ಲಿ ಕೆಲವರು ಆಕ್ಷೇಪವೆತ್ತುತ್ತಾರೆ. ಝಕಾತನ್ನು ಹಕ್ಕುದಾರನ ಒಡೆತನಕ್ಕೆ ಒಪ್ಪಿಸಬೇಕು, ಅದರಿಂದ ಕಟ್ಟಡ ಕಟ್ಟುವಂತಿಲ್ಲ, ಇಮಾಮರಿಗೆ ವೇತನ ಕೊಡುವಂತಿಲ್ಲ. ಆದ್ದರಿಂದ ಸಾಮೂಹಿಕ ವ್ಯವಸ್ಥೆ ಅಸಾಧ್ಯ ಎನ್ನುತ್ತಾರೆ. ಹನಫಿ ವಿದ್ವಾಂಸರ ಈ ನಿಯಮವನ್ನು ನಾವು ಗೌರವಿಸುತ್ತೇವೆ. ಆದರೆ ಆಕ್ಷೇಪದ ಕೊನೆಯ ಭಾಗ ನಿಯಮದಿಂದ ಹುಟ್ಟಿದ್ದಲ್ಲ. ಸಮಿತಿಯು ಕೊಡುವವರ ಪ್ರತಿನಿಧಿಯಾಗಿ ಅರ್ಹರನ್ನು ಹುಡುಕಿ ಹಣವನ್ನು ಅವರ ಕೈಗೇ ಒಪ್ಪಿಸಿದರೆ ನಿಯಮ ಪಾಲನೆಯಾಗುತ್ತದೆ, ಬಡವನು ಬೀದಿಯಲ್ಲಿ ನಿಲ್ಲುವುದೂ ತಪ್ಪುತ್ತದೆ. ಇನ್ನು ಹಾಸ್ಟೆಲು, ಆಸ್ಪತ್ರೆ, ಗ್ರಂಥಾಲಯಗಳ ಗೋಡೆ ಎಬ್ಬಿಸಲು ಇಸ್ಲಾಮ್ ಬೇರೆಯೇ ಸಾಧನವನ್ನು ಕೊಟ್ಟಿದೆ. ಅದುವೇ ವಕ್ಫ್. ಝಕಾತ್ ವರ್ಷವರ್ಷ ಹರಿಯುವ ನೀರಾದರೆ ವಕ್ಫ್ ಬತ್ತದ ಕೆರೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಹ. ಉಮರ್(ರ)ರಿಗೆ ಖೈಬರ್‌ನಲ್ಲಿ ಬೆಲೆಬಾಳುವ ಭೂಮಿ ದೊರೆತಾಗ ಅವರು ಪ್ರವಾದಿ(ಸ)ರ ಸಲಹೆ ಕೇಳಿದರು. ಮೂಲವನ್ನು ಮಾರದೆ, ದಾನವಾಗಿ ಕೊಡದೆ, ವಾರಸುದಾರರಿಗೆ ಹಂಚದೆ ಉಳಿಸಿ, ಅದರ ಫಲವನ್ನು ಬಡವರು, ಬಂಧುಗಳು, ಪ್ರಯಾಣಿಕರು ಮತ್ತು ಅತಿಥಿಗಳಿಗಾಗಿ ವಿನಿಯೋಗಿಸುವ ಕ್ರಮ ಅಲ್ಲಿ ರೂಪುಗೊಂಡಿತು. ನೋಡಿಕೊಳ್ಳುವವನು ಮರ್ಯಾದೆಯ ಮಿತಿಯಲ್ಲಿ ಉಣ್ಣಬಹುದು, ಸಂಪತ್ತು ಕೂಡಿಡುವಂತಿಲ್ಲ. ಇಂದಿನ ಮುತವಲ್ಲಿಗೆ ಇದಕ್ಕಿಂತ ಸ್ಪಷ್ಟವಾದ ನೀತಿಸಂಹಿತೆ ಬೇಕೆ?

ಈ ಕೆರೆಯ ಇಂದಿನ ಸ್ಥಿತಿಯನ್ನು ಅಂಕಿಗಳೇ ಹೇಳುತ್ತವೆ. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದ ಸುಮಾರು 6 ಲಕ್ಷ ಎಕರೆ ವಕ್ಫ್ ಭೂಮಿಯಿಂದ ಬರುತ್ತಿದ್ದ ವಾರ್ಷಿಕ ಆದಾಯ ಕೇವಲ 163 ಕೋಟಿ ರೂಪಾಯಿ. ಪುಸ್ತಕ ಮೌಲ್ಯದ ಲೆಕ್ಕದಲ್ಲಿ ಅದು ಶೇ. 2.7. ಮಾರುಕಟ್ಟೆ ಮೌಲ್ಯಕ್ಕೆ ತಕ್ಕಂತೆ ಶೇ. 10ರಷ್ಟು ಬಂದರೆ ವರ್ಷಕ್ಕೆ 12,000 ಕೋಟಿಯಾಗುತ್ತದೆಂದು ಸಮಿತಿ ಅಂದಾಜಿಸಿತ್ತು. 2012ರಲ್ಲಿ ಅನ್ವರ್ ಮಾಣಿಪ್ಪಾಡಿ ಅಧ್ಯಕ್ಷತೆಯ ರಾಜ್ಯ ಅಲ್ಪಸಂಖ್ಯಾತರ ಆಯೋಗವು, ಕರ್ನಾಟಕದ ಸುಮಾರು 54,000 ಎಕರೆ ವಕ್ಫ್ ಭೂಮಿಯಲ್ಲಿ 27,000 ಎಕರೆಯಷ್ಟು ಪರರ ಪಾಲಾಗಿದೆಯೆಂದು ಆರೋಪಿಸಿತು. ಆ ವರದಿ ರಾಜಕೀಯ ಕೆಸರೆರಚಾಟಕ್ಕೆ ಬಳಕೆಯಾಯಿತು, ನಿಜ. ಆದರೆ ಅದನ್ನು ತಳ್ಳಿಹಾಕಿದವರು ತಮ್ಮ ಊರಿನ ಲೆಕ್ಕವನ್ನಾದರೂ ಜನರ ಮುಂದಿಟ್ಟರೇ?

2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಕಾಯಿದೆ ಬಂದಾಗ ಸಮುದಾಯ ಬೀದಿಗಿಳಿಯಿತು. ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಕೆಲವು ವಿಧಿಗಳಿಗೆ ಮಧ್ಯಂತರ ತಡೆ ನೀಡಿತು. ಆ ಪ್ರತಿಭಟನೆ ನ್ಯಾಯವಾದುದೆಂದೇ ನಾವು ನಂಬುತ್ತೇವೆ. ಆದರೆ ಘೋಷಣೆ ಕೂಗಿದವರಲ್ಲಿಯೇ ಮಸೀದಿಯ ಮಳಿಗೆಯನ್ನು ತಂದೆಯ ಕಾಲದ ಬಾಡಿಗೆಗೆ ಹಿಡಿದುಕೊಂಡು, ಒಳಬಾಡಿಗೆಗೆ ಕೊಟ್ಟು ಹತ್ತುಪಟ್ಟು ವಸೂಲಿ ಮಾಡುವವರಿದ್ದರೆ ಅವರನ್ನು ಏನೆಂದು ಕರೆಯೋಣ? ಸರಕಾರ ಕಿತ್ತುಕೊಂಡರೆ ಅದು ಅತಿಕ್ರಮಣ, ನಮ್ಮವನು ನುಂಗಿದರೆ ಅದು ವ್ಯಾಪಾರವೇ? ವಕ್ಫ್‌ನ ಒಡೆತನ ಅಲ್ಲಾಹನದೆಂದು ನಂಬುವವನು ಅದರ ಬಾಡಿಗೆಯನ್ನು ಕದಿಯುವಾಗ ಯಾರ ಕಿಸೆಗೆ ಕೈಹಾಕುತ್ತಿದ್ದೇನೆಂದು ಯೋಚಿಸಲಿ.

ದಾಖಲೆಗಳ ಅಸ್ತವ್ಯಸ್ತತೆಗೂ ಬೆಲೆ ತೆರಬೇಕಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ಹೋದ ನೋಟಿಸುಗಳು ರಾಜ್ಯಾದ್ಯಂತ ಕಿಚ್ಚು ಹಚ್ಚಿದವು. ನವೆಂಬರ್‌ನಲ್ಲಿ ಸರಕಾರ ಅವುಗಳನ್ನು ಹಿಂಪಡೆಯಿತು. ತನ್ನದಲ್ಲದ ಭೂಮಿಯನ್ನು ಯಾರೂ ವಕ್ಫ್ ಮಾಡಲಾರರು ಎಂಬುದು ಶರೀಅತ್‌ನ ಪ್ರಾಥಮಿಕ ನಿಯಮ. ಸ್ವಚ್ಛವಾದ ದಾಖಲೆಯು ವಕ್ಫನ್ನು ಕಾಯುವಂತೆಯೇ ಅಮಾಯಕ ರೈತನನ್ನೂ ಕಾಯುತ್ತದೆ. ಅದು ನೆರೆಹೊರೆಯ ಹಕ್ಕು ಕೂಡ.

ಸಾಮೂಹಿಕ ದಾನದ ಶಕ್ತಿಗೆ ಉದಾಹರಣೆ ಹುಡುಕಲು ತುಮಕೂರಿನವರು ದೂರ ಹೋಗಬೇಕಾಗಿಲ್ಲ. 2019ರ ಜನವರಿ 21ರಂದು ಅಗಲಿದ ಡಾ. ಶಿವಕುಮಾರ ಸ್ವಾಮೀಜಿಯವರು ಹಳ್ಳಿಹಳ್ಳಿ ಸುತ್ತಿ, ರೈತರು ಕೊಟ್ಟ ಧಾನ್ಯವನ್ನು ಸಿದ್ಧಗಂಗೆಯ ಒಂದೇ ಕಣಜಕ್ಕೆ ತುಂಬಿದರು. ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ದೊರೆಯಿತು. ಅಲ್ಲಿ ಓದಿದವರಲ್ಲಿ ಮುಸ್ಲಿಮ್ ಮಕ್ಕಳೂ ಇದ್ದಾರೆ. ಆ ರೈತರು ತಮ್ಮ ರಾಗಿಯನ್ನು ಬಾಗಿಲಲ್ಲೇ ಹಿಡಿಹಿಡಿಯಾಗಿ ಹಂಚಿದ್ದರೆ ಸಿದ್ಧಗಂಗೆ ಇರುತ್ತಿರಲಿಲ್ಲ. ಕೊಡುವುದನ್ನು ಧರ್ಮದ ಸ್ತಂಭವಾಗಿಯೇ ಪಡೆದ ಸಮುದಾಯವೊಂದು ಅದೇ ಊರಿನಲ್ಲಿದ್ದು ಈ ಪಾಠವನ್ನು ಕಲಿಯದಿದ್ದರೆ ಅದಕ್ಕೆ ನೆಪವೇನು?

ಸರಕಾರ ನೋಡಿಕೊಳ್ಳುತ್ತದೆ ಎಂಬ ನೆಪವೂ ಈಗ ಉಳಿದಿಲ್ಲ. ಅಲ್ಪಸಂಖ್ಯಾತ ಮಕ್ಕಳಿಗೆ 1ರಿಂದ 8ನೇ ತರಗತಿಯವರೆಗೆ ಸಿಗುತ್ತಿದ್ದ ವಿದ್ಯಾರ್ಥಿವೇತನವನ್ನು ಕೇಂದ್ರವು 2022ರಲ್ಲಿ ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್‌ ಕೂಡ ಅದೇ ವರ್ಷ ಕೊನೆಗೊಂಡಿತು. ಸರಕಾರವನ್ನು ಪ್ರಶ್ನಿಸುವುದು ಪೌರರ ಹಕ್ಕು. ಆದರೆ ತೀರ್ಪು ಬರುವವರೆಗೆ ಮಗು ಶಾಲೆಯ ಹೊರಗೆ ಕಾಯಲಾರದು.

ಆದ್ದರಿಂದ ನಾವು ಆಗ್ರಹಿಸುತ್ತೇವೆ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ಊರುಗಳ ಜಮಾಅತ್‌ಗಳು ತಂತಮ್ಮ ಊರಿನಲ್ಲಿ ಸಾಮೂಹಿಕ ಝಕಾತ್ ನಿಧಿಯನ್ನು ಸ್ಥಾಪಿಸಲಿ. ಉಲಮಾಗಳೊಂದಿಗೆ ಲೆಕ್ಕಪರಿಶೋಧಕರು, ಶಿಕ್ಷಕರು ಮತ್ತು ಮಹಿಳೆಯರೂ ಅದರಲ್ಲಿರಲಿ. ವಿಧವೆಯ ಮನೆಯ ಕಷ್ಟ ಹೆಣ್ಣುಮಕ್ಕಳಿಗೆ ತಿಳಿದಷ್ಟು ಗಂಡಸರ ಸಮಿತಿಗೆ ತಿಳಿಯದು. ಪ್ರತಿಯೊಂದು ಮಸೀದಿಯ ಗೋಡೆಯ ಮೇಲೆ ಆ ಮಸೀದಿಯ ವಕ್ಫ್ ಸೊತ್ತು, ಬಾಡಿಗೆದಾರ, ಬಾಡಿಗೆ ಮತ್ತು ವೆಚ್ಚದ ಪಟ್ಟಿ ಜುಮುಅಗೆ ಬಂದವರೆಲ್ಲರೂ ಓದುವಂತೆ ತೂಗಲಿ. ಪಡೆದವರ ಹೆಸರು ಮಾತ್ರ ಎಲ್ಲಿಯೂ ಬಹಿರಂಗವಾಗದಿರಲಿ. ಮುತವಲ್ಲಿಗೆ ಗೌರವ ಸಲ್ಲಲಿ, ಆದರೆ ಪ್ರಶ್ನೆಯಿಂದ ವಿನಾಯಿತಿ ಬೇಡ. ಸ್ವತಃ ಖಲೀಫರಾದ ಉಮರ್(ರ)ರೇ ಜನರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು.

ನಾಳೆ ಪರಲೋಕದಲ್ಲಿ ಸಂಪತ್ತನ್ನು ಹೇಗೆ ಗಳಿಸಿದೆ ಎಂಬುದರ ಜೊತೆಗೆ ಎಲ್ಲಿ ವ್ಯಯಿಸಿದೆ ಎಂಬುದಕ್ಕೂ ಉತ್ತರಿಸಬೇಕಾಗಿದೆ. ನೂರರ ನೋಟೊಂದನ್ನು ಕೊಟ್ಟೆ ಎಂಬುದು ಆಗ ಸಾಕಾಗುವ ಉತ್ತರವೇ? ಈ ರಮಝಾನ್ ಬರುವ ಮೊದಲೇ ಪ್ರತಿಯೊಂದು ಜಮಾಅತ್ ಇದನ್ನು ನಿರ್ಧರಿಸಲಿ. ಬೇಡುವವರ ಸಾಲನ್ನು ಇನ್ನಷ್ಟು ಉದ್ದವಾಗಿಸುವ ದಾನದಿಂದ ಅಲ್ಲಾಹನು ನಮ್ಮೆಲ್ಲರನ್ನೂ ರಕ್ಷಿಸಲಿ. ಆ ಸಾಲನ್ನೇ ಇಲ್ಲವಾಗಿಸುವ ದಾನಕ್ಕೆ ಭಾಗ್ಯ ನೀಡಲಿ. ಆಮೀನ್.